ಹೆವಿ ಲೈಸೆನ್ಸ್ ಸಿಕ್ಕಿತು, ಇನ್ನು ಮಾಳ ಘಾಟಿ ಇಳಿಯುವುದು ಹೇಗೆ? ಹೊಸ ಲಾರಿ ಚಾಲಕರು ತಿಳಿದಿರಬೇಕಾದ ಸಂಗತಿಗಳು

ಬಜಗೋಳಿ: ಕಾರ್ಕಳದಿಂದ ಬರುವ ರಸ್ತೆ ಬಜಗೋಳಿಯಲ್ಲಿ ಎರಡಾಗುತ್ತದೆ. ಒಂದು ಹೊಸ್ಮಾರು, ನಾರಾವಿ, ಗುರುವಾಯನಕೆರೆ ಕಡೆಗೆ. ಇನ್ನೊಂದು ರಾಷ್ಟ್ರೀಯ ಹೆದ್ದಾರಿ 169, ಮಾಳ ದಾಟಿ ಎಸ್.ಕೆ. ಬಾರ್ಡರ್‌ಗೆ ಹೋಗಿ ಅಲ್ಲಿಂದ ಶೃಂಗೇರಿ, ಕುದುರೆಮುಖ ಕಡೆಗೆ. ಜಲ್ಲಿ, ಕೆಂಪುಕಲ್ಲು, ಸಿಮೆಂಟ್, ಅಂಗಡಿ ಸಾಮಾನು ಎಲ್ಲವೂ ಓಡಾಡುವುದು ಇದೇ ದಾರಿಗಳಲ್ಲಿ. ಘಟ್ಟದಿಂದ ಇಳಿದು ಬರುವ ಲಾರಿಗೆ ಮೊದಲು ಸಿಗುವ ದೊಡ್ಡ ಪೇಟೆಯೂ ಬಜಗೋಳಿಯೇ. ಅಂದರೆ ಮೇಲೆ ಬ್ರೇಕ್ ಕೆಟ್ಟರೆ ಅದರ ಅಪಾಯ ಚಾಲಕನಿಗೆ ಮಾತ್ರ ಅಲ್ಲ, ಕೆಳಗೆ ರಸ್ತೆ ಬದಿಯಲ್ಲಿ ನಿಂತವರಿಗೂ ಉಂಟು.

ಈ ಘಾಟಿ ಹಗುರ ಅಲ್ಲ ಎಂದು ಹೇಳಲು ಹಳೆಯ ಕಥೆ ಬೇಕಿಲ್ಲ. 2020ರ ಫೆಬ್ರವರಿ 15ರಂದು ಮಾಳದ ಮುಳ್ಳೂರು ಬಳಿ ಮೈಸೂರಿನ ಪ್ರವಾಸಿಗರಿದ್ದ ಬಸ್ ಬಂಡೆಗೆ ಬಡಿದು 9 ಮಂದಿ ತೀರಿಕೊಂಡದ್ದು ಇಲ್ಲಿಯವರಿಗೆ ಇನ್ನೂ ನೆನಪಿದೆ.

ಸರಕು ವಾಹನ ಓಡಿಸುವ ಲೈಸೆನ್ಸ್‌ಗೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ಟೆಸ್ಟ್ ಆಗುವುದು ಸಾಮಾನ್ಯವಾಗಿ ಖಾಲಿ ಗಾಡಿಯಲ್ಲಿ, ಸಮತಟ್ಟಾದ ಜಾಗದಲ್ಲಿ. ಲೋಡ್ ತುಂಬಿದ ಗಾಡಿಯನ್ನು ಮಳೆಯಲ್ಲಿ ಘಾಟಿ ಇಳಿಸುವುದು ಬೇರೆಯೇ ವಿದ್ಯೆ. ಅದಕ್ಕೆ ಗಾಡಿಯ ಒಂದೊಂದು ಸಾಮಾನು ಏನು ಕೆಲಸ ಮಾಡುತ್ತದೆ ಎಂದು ಗೊತ್ತಿರಬೇಕು.

ಹೊರಡುವ ಮೊದಲು ಒಂದು ಸುತ್ತು

ಕೀ ಹಾಕುವ ಮೊದಲು ಗಾಡಿಗೆ ಒಂದು ಸುತ್ತು ಬನ್ನಿ. ಹತ್ತು ನಿಮಿಷದ ಕೆಲಸ. ಇಂಜಿನ್ ಆಯಿಲ್, ಕೂಲೆಂಟ್ ನೋಡಿ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಗಾಡಿ ಅಡಿಯಲ್ಲಿ ಎಣ್ಣೆ ಸೋರಿದ ಗುರುತು ಉಂಟಾ ನೋಡಿ.

ಹಿಂದಿನ ಜೋಡಿ ಟೈರ್‌ಗಳಲ್ಲಿ ಒಳಗಿನದ್ದು ಗಾಳಿ ಇಳಿದರೆ ಹೊರಗಿನಿಂದ ಕಾಣುವುದಿಲ್ಲ. ಹೊರಗಿನ ಟೈರ್ ಗಾಡಿಯನ್ನು ಎತ್ತಿ ಹಿಡಿದಿರುತ್ತದೆ, ಆದರೆ ಎರಡರ ಭಾರ ಒಂದರ ಮೇಲೆ ಬಿದ್ದು ಅದೂ ಬಿಸಿಯಾಗಿ ಒಡೆಯುತ್ತದೆ. ಕಬ್ಬಿಣದ ಲಿವರಿನಿಂದ ಬಡಿದು ಶಬ್ದ ಕೇಳುವ ಅಭ್ಯಾಸ ಒಳ್ಳೆಯದೇ, ಆದರೂ ವಾರಕ್ಕೊಮ್ಮೆಯಾದರೂ ಗೇಜ್ ಹಿಡಿದು ನೋಡಬೇಕು. ಜಲ್ಲಿ ಕ್ವಾರಿಗೆ ಹೋಗಿ ಬಂದ ಮೇಲೆ ಜೋಡಿ ಟೈರ್ ಮಧ್ಯೆ ಕಲ್ಲು ಸಿಕ್ಕಿದೆಯಾ ನೋಡಿ. ಆ ಕಲ್ಲು ಹಾರಿದರೆ ಹಿಂದೆ ಬರುವ ಬೈಕಿನವನ ತಲೆಗೆ. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬುದು ಕಾನೂನು. ನಮ್ಮ ಮಳೆಗೆ ಅಲ್ಲಿಯ ತನಕ ಕಾಯುವುದೂ ತಡವೇ.

ವೀಲ್ ನಟ್‌ನಿಂದ ತುಕ್ಕಿನ ಗೆರೆ ಇಳಿದಂತೆ ಕಂಡರೆ ಆ ನಟ್ ಸಡಿಲ ಆಗಿರಬಹುದು. ಟೈರ್ ಬದಲಾಯಿಸಿದ ಮೇಲೆ ಐವತ್ತು, ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ಮಾಡಬೇಕು. ಕೆಲವು ಹಳೆ ಲಾರಿಗಳಲ್ಲಿ ಎಡಗಡೆ ಚಕ್ರದ ನಟ್ ಉಲ್ಟಾ ತಿರುಗುತ್ತದೆ. ಅದು ಗೊತ್ತಿಲ್ಲದೆ ಸ್ಪ್ಯಾನರ್ ಮೇಲೆ ಹತ್ತಿ ತುಳಿದು ಬೋಲ್ಟ್ ಮುರಿದವರಿದ್ದಾರೆ.

ಏರ್ ಬ್ರೇಕ್: ಗಾಳಿ ಇಲ್ಲದಿದ್ದರೆ ಗಾಡಿ ಇಲ್ಲ

ಕಾರಿನ ಬ್ರೇಕಿನಲ್ಲಿ ಆಯಿಲ್ ಕೆಲಸ ಮಾಡಿದರೆ ದೊಡ್ಡ ಲಾರಿಯಲ್ಲಿ ಕೆಲಸ ಮಾಡುವುದು ಗಾಳಿ. ಇಂಜಿನ್‌ಗೆ ಜೋಡಿಸಿದ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬಿಸುತ್ತದೆ. ಗೇಜಿನ ಮುಳ್ಳು ಸಾಮಾನ್ಯವಾಗಿ 7-8 ಬಾರ್ ಹತ್ತಿರ ನಿಲ್ಲುತ್ತದೆ. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಕಂಪನಿ ಕೊಟ್ಟ ಪುಸ್ತಕದಲ್ಲಿ ಉಂಟು. ಎಚ್ಚರಿಕೆಯ ಲೈಟ್, ಬಜರ್ ನಿಲ್ಲದೆ ಗಾಡಿ ಹೊರಡಿಸಬೇಡಿ. ಗಾಳಿ ಪೂರ್ತಿ ಇಳಿದರೆ ಈಗಿನ ಗಾಡಿಗಳಲ್ಲಿ ಹಿಂದಿನ ಚಕ್ರಗಳನ್ನು ಸ್ಪ್ರಿಂಗ್ ಹಿಡಿದು ನಿಲ್ಲಿಸುತ್ತದೆ. ಅದು ನಿಮ್ಮನ್ನು ಉಳಿಸಲು ಇಟ್ಟ ಏರ್ಪಾಟು. ಅದನ್ನು ಬಿಡಿಸಿ ಓಡಿಸುವ ಸಾಹಸ ಬೇಡ.

ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಆ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ. ನೀರು ನಿಂತಷ್ಟು ಗಾಳಿಗೆ ಜಾಗ ಕಡಿಮೆ, ವಾಲ್ವ್‌ಗಳಿಗೂ ತುಕ್ಕು. ಹಾಗಾಗಿ ಟ್ಯಾಂಕಿನ ಅಡಿಯ ಡ್ರೈನ್ ವಾಲ್ವ್ ಎಳೆದು ನೀರು ಬಿಡಬೇಕು, ಮಳೆಗಾಲದಲ್ಲಿ ದಿನಾ. ಗಾಡಿಯಲ್ಲಿ ಏರ್ ಡ್ರೈಯರ್ ಇದ್ದರೂ ಒಮ್ಮೊಮ್ಮೆ ಎಳೆದು ನೋಡಿ. ಆಗಲೂ ನೀರು ಬಂದರೆ ಡ್ರೈಯರ್ ಕೆಲಸ ಮುಗಿದಿದೆ ಎಂದರ್ಥ.

ಲೀಕ್ ನೋಡುವುದು ಸುಲಭ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಮರದ ತುಂಡು ಅಡ್ಡ ಇಟ್ಟು, ಗಾಳಿ ಪೂರ್ತಿ ತುಂಬಿಸಿ ಇಂಜಿನ್ ಆಫ್ ಮಾಡಿ. ಬ್ರೇಕ್ ಒತ್ತಿ ಹಿಡಿದು ಕಿವಿ ಕೊಡಿ. ಸುಯ್ ಎಂಬ ಶಬ್ದ ಕೇಳಿದರೆ, ಮುಳ್ಳು ಇಳಿಯುತ್ತಾ ಹೋದರೆ ಗಾಡಿ ಹೋಗಬೇಕಾದ್ದು ಮೆಕ್ಯಾನಿಕ್ ಹತ್ತಿರ, ಘಾಟಿಗೆ ಅಲ್ಲ.

ಇಳಿಜಾರಿನಲ್ಲಿ ಬ್ರೇಕ್ ಯಾಕೆ ಕೈಕೊಡುತ್ತದೆ?

ಒಂದು ಲೆಕ್ಕ ನೋಡಿ. ಒಟ್ಟು 25 ಟನ್ ತೂಕದ ಲಾರಿ 100 ಮೀಟರ್ ಎತ್ತರದಿಂದ ವೇಗ ಏರದಂತೆ ಇಳಿದರೆ ಹುಟ್ಟುವ ಶಾಖದಲ್ಲಿ ಸುಮಾರು 80 ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಬಹುದು. ಎಸ್.ಕೆ. ಬಾರ್ಡರಿನಿಂದ ಮಾಳಕ್ಕೆ ಇಳಿಯುವುದು ನೂರಲ್ಲ, ನೂರಾರು ಮೀಟರ್. ಕಾಲು ಬ್ರೇಕ್ ಮೇಲೆಯೇ ಇಟ್ಟುಕೊಂಡು ಬಂದರೆ ಆ ಶಾಖದ ಹೆಚ್ಚಿನ ಪಾಲು ಡ್ರಮ್‌ಗೆ ಹೋಗುತ್ತದೆ. ಡ್ರಮ್ ಬಿಸಿಗೆ ಹಿಗ್ಗಿ ಲೈನರಿನಿಂದ ದೂರ ಹೋಗುತ್ತದೆ, ಲೈನರಿನ ಹಿಡಿತವೂ ಕಡಿಮೆಯಾಗುತ್ತದೆ. ಆಗ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಗೇಜಿನಲ್ಲಿ ಗಾಳಿ ಸರಿಯೇ ಇರುತ್ತದೆ. ಹೊಸಬರು ಮೋಸ ಹೋಗುವುದು ಇಲ್ಲಿಯೇ.

ಹಾಗಾದರೆ ಇಳಿಯುವುದು ಹೇಗೆ? ಹತ್ತಿದ ಗೇರಿನಲ್ಲೇ ಇಳಿ ಎಂಬುದು ಹಳೆ ಚಾಲಕರ ಮಾತು. ಈಗಿನ ಇಂಜಿನ್‌ಗೆ ಶಕ್ತಿ ಜಾಸ್ತಿ, ಹತ್ತುವಾಗ ಮೇಲಿನ ಗೇರಿನಲ್ಲೇ ಹತ್ತಿಬಿಡುತ್ತದೆ. ಆದ್ದರಿಂದ ಇಳಿಯುವಾಗ ಅದಕ್ಕಿಂತ ಒಂದು ಗೇರ್ ಕೆಳಗೇ ಬೇಕಾದೀತು. ಗೇರ್ ಹಾಕಬೇಕಾದ್ದು ಇಳಿಜಾರು ಸುರುವಾಗುವ ಮೊದಲು. ಅರ್ಧ ಇಳಿದ ಮೇಲೆ ಕ್ಲಚ್ ತುಳಿದು ಗೇರ್ ಬೀಳದಿದ್ದರೆ ಗಾಡಿ ನ್ಯೂಟ್ರಲಿನಲ್ಲಿ ಓಡುತ್ತದೆ.

ಎಕ್ಸಾಸ್ಟ್ ಬ್ರೇಕ್ ಇರುವುದು ಇದಕ್ಕೇ. ಸ್ವಿಚ್ ಹಾಕಿದರೆ ಹೊಗೆ ಕೊಳವೆಯೊಳಗಿನ ಒಂದು ಬಾಗಿಲು ಮುಚ್ಚಿಕೊಂಡು ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಡ್ರಮ್ ಬಿಸಿಯಾಗುವುದಿಲ್ಲ. ಇಂಜಿನ್ ಸ್ವಲ್ಪ ಜೋರಾಗಿ ತಿರುಗುತ್ತಿದ್ದರೆ ಅದರ ಹಿಡಿತ ಜಾಸ್ತಿ, ಆದರೆ ಮೀಟರಿನ ಮುಳ್ಳು ಕೆಂಪಿಗೆ ಹೋಗಬಾರದು. ಖಾಲಿ ಗಾಡಿಯಲ್ಲಿ, ಜಾರುವ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುವಂತೆ ಕಂಡರೆ ಅದನ್ನು ಆಫ್ ಮಾಡಿ. ಕಾಲಿನ ಬ್ರೇಕ್ ಬೇಕಾದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಮಧ್ಯೆ ಡ್ರಮ್‌ಗೆ ತಣಿಯಲು ಸಮಯ ಸಿಗುತ್ತದೆ.

ಸುಟ್ಟ ವಾಸನೆ, ಚಕ್ರದಿಂದ ಹೊಗೆ, ಬ್ರೇಕ್ ಹಿಡಿಯುವುದು ತಡವಾಗುವುದು, ಇದರಲ್ಲಿ ಯಾವುದೊಂದು ಕಂಡರೂ ಅಗಲ ಜಾಗ ನೋಡಿ ನಿಲ್ಲಿಸಿ. ಬಿಸಿ ಡ್ರಮ್ ಮೇಲೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಅದು ತಾನಾಗಿ ತಣಿಯಲಿ.

ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಬಿಡುವವರು ಈಗಲೂ ಇದ್ದಾರೆ. ಎಲೆಕ್ಟ್ರಾನಿಕ್ ನಿಯಂತ್ರಣದ ಇಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಿ ಇಂಜಿನ್ ಐಡಲ್ ಓಡಲು ಡೀಸೆಲ್ ಬೇಕು. ಅಂದರೆ ಉಳಿತಾಯ ಗೇರಿನಲ್ಲೇ. ಇಂಜಿನ್ ಆಫ್ ಮಾಡಿದರಂತೂ ಸ್ಟೇರಿಂಗ್ ಕಲ್ಲಿನಂತೆ ಗಟ್ಟಿ, ಕಂಪ್ರೆಸರ್ ಬಂದ್.

ಲೋಡ್, ಟಾರ್ಪಾಲು, ಟಿಪ್ಪರ್

ಎಷ್ಟು ತುಂಬಬಹುದು ಎಂಬುದು ಆರ್‌ಸಿಯಲ್ಲೇ ಉಂಟು. ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಸಿಗುವುದೇ ನಿಮ್ಮ ಲೋಡ್. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್‌ಗೆ ಮತ್ತೆ 2,000. "ಓನರ್ ಹೇಳಿದ್ರು" ಎಂದರೆ ಇಳಿಜಾರು ಕೇಳುವುದಿಲ್ಲ.

ಜಲ್ಲಿ, ಎಂ ಸ್ಯಾಂಡ್ ಇದ್ದರೆ ಟಾರ್ಪಾಲು ಮುಚ್ಚಿ ಕಟ್ಟಬೇಕು. ಕೆಂಪುಕಲ್ಲು ಬದಿ ಹಲಗೆಗಿಂತ ಮೇಲೆ ಬರಬಾರದು, ಭಾರ ಒಂದೇ ಕಡೆಗೆ ಬೀಳಬಾರದು. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ಲೋಡ್ ಕೂತು ಹಗ್ಗ ಸಡಿಲಾಗುತ್ತದೆ. ನಿಲ್ಲಿಸಿ ಇನ್ನೊಮ್ಮೆ ಎಳೆದು ಕಟ್ಟಿ. ಮೇಲಿನಿಂದ ಬರುವವರು ಘಾಟಿ ಇಳಿಯುವ ಮೊದಲೇ ನೋಡಿಕೊಳ್ಳಬೇಕು.

ಟಿಪ್ಪರ್ ಎತ್ತುವಾಗ ನೆಲ ಸಮ ಇರಬೇಕು, ತಲೆ ಎತ್ತಿ ಮೆಸ್ಕಾಂ ವಯರ್ ನೋಡಬೇಕು. ಬಾಡಿ ವಯರ್‌ಗೆ ತಾಗಿದರೆ ಕ್ಯಾಬಿನ್‌ನಿಂದ ಇಳಿಯಬೇಡಿ, ಯಾರೂ ಹತ್ತಿರ ಬಾರದಂತೆ ಕೂಗಿ ಹೇಳಿ. ಬೆಂಕಿ ಹಿಡಿದು ಹಾರಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಎರಡೂ ಕಾಲು ಜೋಡಿಸಿ ಹಾರಿ. ಆಮೇಲೆ ಕಾಲು ಎಳೆದುಕೊಂಡು ಸಣ್ಣ ಹೆಜ್ಜೆಯಲ್ಲಿ ದೂರ ಹೋಗಿ. ಎತ್ತಿದ ಬಾಡಿ ಅಡಿಗೆ ಆಧಾರ ಕೊಡದೆ ನುಗ್ಗುವುದು, ಬಾಡಿ ಇಳಿಸದೆ ಗಾಡಿ ಹೊರಡಿಸುವುದು ಎರಡೂ ಬೇಡ.

ಬಿಎಸ್ 6 ಗಾಡಿಯಲ್ಲಿ ಎರಡನೇ ಟ್ಯಾಂಕ್

2020ರ ಏಪ್ರಿಲ್ 1ರ ನಂತರದ ಬಿಎಸ್ 6 ಲಾರಿಗಳಲ್ಲಿ ಹೆಚ್ಚಿನವಕ್ಕೆ ಆ್ಯಡ್‌ಬ್ಲೂ ಎಂಬ ದ್ರವ ಬೇಕು. ಅದು 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಶುದ್ಧ ನೀರು. ತೋಟಕ್ಕೆ ಹಾಕುವ ಯೂರಿಯಾ ಕರಗಿಸಿ ಹೊಯ್ದರೆ ಸಿಸ್ಟಮ್ಮೇ ಹಾಳು. ಡೀಸೆಲ್ ಟ್ಯಾಂಕಿಗೆ ಇದನ್ನು, ಇದರ ಟ್ಯಾಂಕಿಗೆ ಡೀಸೆಲ್ ಹಾಕಿದರೆ ಸ್ಟಾರ್ಟ್ ಮಾಡದೆ ಸರ್ವಿಸಿನವರನ್ನು ಕರೆಯಿರಿ. ಇದು ಖಾಲಿಯಾದರೆ ಗಾಡಿಯ ಶಕ್ತಿ ತಾನಾಗಿ ಇಳಿಯುತ್ತದೆ. ಘಾಟಿ ಹತ್ತುವಾಗ ಹಾಗಾದರೆ ಹಿಂದೆ ಸಾಲು ನಿಲ್ಲುತ್ತದೆ. ಈ ಗಾಡಿಗಳು ಹೊಗೆ ಫಿಲ್ಟರ್ ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಸೈಲೆನ್ಸರ್ ತುಂಬಾ ಬಿಸಿ ಆಗುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಪೆಟ್ಟಿಗೆಯಲ್ಲಿ ಏನಿರಬೇಕು

ಲೋಡ್ ಗಾಡಿಯನ್ನು ಎತ್ತುವಷ್ಟು ತಾಕತ್ತಿನ ಜಾಕ್, ಅದರ ಅಡಿಗೆ ಇಡಲು ದಪ್ಪ ಹಲಗೆ (ಮಳೆಗಾಲದ ಮಣ್ಣಿನಲ್ಲಿ ಜಾಕ್ ಹೂತು ಹೋಗುತ್ತದೆ), ವೀಲ್ ಸ್ಪ್ಯಾನರ್, ಲಿವರ್, ಗಾಳಿ ಇರುವ ಸ್ಟೆಪ್ನಿ, ಚಕ್ರಕ್ಕೆ ಇಡಲು ಎರಡು ಮರದ ತುಂಡು, ಟಾರ್ಚ್, ಬಲ್ಬ್ ಮತ್ತು ಫ್ಯೂಸ್, ಬೆಂಕಿ ನಂದಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹೊಳೆಯುವ ಜಾಕೆಟ್, ಹೊಳೆಯುವ ತ್ರಿಕೋನ.

ತ್ರಿಕೋನದ ವಿಷಯ ಗಟ್ಟಿಯಾಗಿ ಹೇಳಬೇಕು. ನಮ್ಮಲ್ಲಿ ಗಾಡಿ ಕೆಟ್ಟರೆ ಹಿಂದೆ ಸೊಪ್ಪಿನ ಕೊಂಬೆ, ನಾಲ್ಕು ಕಲ್ಲು ಇಡುವ ರೂಢಿ. ರಾತ್ರಿ, ಮಂಜಿನಲ್ಲಿ ಕೊಂಬೆ ಕಾಣುವುದಿಲ್ಲ. ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ, ತಿರುವು ಇದ್ದರೆ ತಿರುವಿನ ಆಚೆಗೆ. ಗಾಡಿ ಹೊರಡುವಾಗ ಅಡ್ಡ ಇಟ್ಟ ಕಲ್ಲನ್ನು ರಸ್ತೆಯಿಂದ ತೆಗೆಯಿರಿ ಮಾರಾಯ್ರೆ. ಬಿಟ್ಟು ಹೋದ ಒಂದು ಕಲ್ಲು ಸಾಕು, ರಾತ್ರಿ ಸ್ಕೂಟರಿನಲ್ಲಿ ಬರುವವರು ಬೀಳಲು.

ಘಾಟಿಯ ಕಾಡಿನಲ್ಲಿ ಎಲ್ಲ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕಿದ ಕಡೆ 112ಕ್ಕೆ, ಆಂಬ್ಯುಲೆನ್ಸಿಗೆ 108ಕ್ಕೆ, ಹೆದ್ದಾರಿ ಸಹಾಯಕ್ಕೆ 1033ಕ್ಕೆ ಕರೆ ಮಾಡಬಹುದು.

ಅಂಗಡಿಯವರಿಗೂ ಒಂದು ಮಾತು

ಲೋಡ್ ತರುವ ಹುಡುಗನಿಗೆ "ಎಲ್ಲಿ ಮುಟ್ಟಿದ್ದೀ, ಬೇಗ ಬಾ" ಎಂದು ಗಳಿಗೆಗೊಮ್ಮೆ ಫೋನ್ ಮಾಡಬೇಡಿ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಳಿಯುವವನಿಗೆ ಅರ್ಧ ಗಂಟೆ ಜಾಸ್ತಿ ಬೇಕು. ಅಂಗಡಿ ಎದುರು ಇಳಿಜಾರಿದ್ದರೆ ಚಕ್ರಕ್ಕೆ ತುಂಡು ಇಟ್ಟ ಮೇಲೆಯೇ ಸಾಮಾನು ಇಳಿಸಲು ಹೇಳಿ. ಡ್ರಮ್‌ನಿಂದ ಹೊಗೆ ಬರುವ ಲಾರಿ ಪೇಟೆಗೆ ಬಂದು ನಿಂತರೆ ಬಾಲ್ದಿ ನೀರು ತಂದು ಹೊಯ್ಯಬೇಡಿ. ನಿಲ್ಲಲು ಜಾಗ, ಕುಡಿಯಲು ಒಂದು ಚಾ ಕೊಟ್ಟು ಅರ್ಧ ಮುಕ್ಕಾಲು ಗಂಟೆ ಕೂರಿಸಿ. ಡ್ರಮ್ ತಣಿದು, ಮೆಕ್ಯಾನಿಕ್ ಒಮ್ಮೆ ನೋಡಿದ ಮೇಲೆ ಹೊರಡಲಿ.