ಮೊದಲ ಗೇಮಿಂಗ್ ಪಿಸಿ: 'ಐ7' ಅನ್ನೋ ಹೆಸರಿಗೆ ದುಡ್ಡು ಕೊಡಬೇಡಿ

ಮೊದಲ ಸಲ ಗೇಮಿಂಗ್ ಪಿಸಿ ಕಟ್ಟಿಸುವಾಗ ಯಾವ ಪಾರ್ಟ್ ಮೊದಲು ಆರಿಸಬೇಕು, ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಉಳಿಸಲೇಬಾರದು? ಇವತ್ತಿನ ಎಪಿಸೋಡ್ ಇದರ ಬಗ್ಗೆ. ನಾನು ಬಿ.ಕಾಂ. ಓದಿದವನು, ಹಾಗಾಗಿ ಬಜೆಟ್ ಲೆಕ್ಕದಲ್ಲೇ ಹೇಳ್ತೀನಿ.

ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿದರೂ, ಆನ್‌ಲೈನ್‌ನಲ್ಲಿ ಹುಡುಕಿದರೂ ಒಂದು ಆಫರ್ ಕಣ್ಣಿಗೆ ಬೀಳುತ್ತೆ: "ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್." ಬೆಲೆ ನೋಡಿದರೆ ಆಸೆ ಆಗೋದು ಸಹಜ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಐ7, ಸರಿ, ಎಷ್ಟನೇ ಜನರೇಷನ್?

ಐ7-3770 ಅಂದರೆ ಅದು 2012ರ ಪ್ರೊಸೆಸರ್. 4 ಕೋರ್, 8 ಥ್ರೆಡ್. 2022ರಲ್ಲಿ ಬಂದ ಐ3-12100ಎಫ್‌ನಲ್ಲೂ ಅಷ್ಟೇ ಕೋರ್, ಅಷ್ಟೇ ಥ್ರೆಡ್. ಆದರೆ ವೇಗದಲ್ಲಿ ಈ ಐ3 ಆ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 3770 ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡೋಕೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಬೇಕು. ಅಂದರೆ ದುಡ್ಡು ಕೊಟ್ಟ ಮೇಲೂ ನಿಮಗೆ ಬೇಕಾದ ಗೇಮ್ ಓಪನ್ ಆಗದೇ ಇರಬಹುದು.

"4 ಜಿಬಿ ಗ್ರಾಫಿಕ್ಸ್" ಕಥೆನೂ ಹೀಗೇ. ಜಿಬಿ ಅನ್ನೋದು ಗೋಡೌನ್ ಸೈಜ್ ಮಾತ್ರ, ಕೆಲಸ ಮಾಡೋದು ಚಿಪ್. 2014ರ ಜಿಟಿ 730ಕ್ಕೆ ಎಷ್ಟೇ ಜಿಬಿ ಇದ್ದರೂ ಈಗಿನ ದೊಡ್ಡ ಗೇಮ್‌ಗಳನ್ನು ಓಡಿಸೋ ಶಕ್ತಿ ಅದಕ್ಕಿಲ್ಲ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಮಾನಿಟರ್‌ನಿಂದ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಇಷ್ಟನ್ನೂ ಸೆಕೆಂಡಿಗೆ 60 ಸಲವೋ 144 ಸಲವೋ ಬಿಡಿಸಬೇಕು. ಮೊದಲ ಪಿಸಿಗೆ 1080ಪಿ ಧಾರಾಳ ಸಾಕು.

ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಒಟ್ಟು ಬಜೆಟ್‌ನ ದೊಡ್ಡ ಪಾಲು, ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ, ಇಲ್ಲಿಗೆ ಹೋಗಲಿ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 7600 ಎರಡೂ 1080ಪಿಗೆ ಅಂತಲೇ ಮಾಡಿದ 8 ಜಿಬಿ ಕಾರ್ಡ್‌ಗಳು. ನೀವು ಕೊಳ್ಳೋ ದಿನ ಯಾವುದು ಸಿಗುತ್ತೆ, ಎಷ್ಟಕ್ಕೆ ಸಿಗುತ್ತೆ ಅಂತ ಹೋಲಿಸಿ ನೋಡಿ.

ಮೂರನೆಯದು ಪ್ರೊಸೆಸರ್. ಎಎಂಡಿಯಲ್ಲಿ ಎರಡು ದಾರಿ. ರೈಜನ್ 5 5600 ತಗೊಂಡರೆ ಎಎಂ4 ಬೋರ್ಡ್, ಡಿಡಿಆರ್4 ರ‍್ಯಾಮ್. ಖರ್ಚು ಕಮ್ಮಿ, ಆದರೆ ಆ ಪ್ಲಾಟ್‌ಫಾರ್ಮ್ ಹಳೆಯದು. ರೈಜನ್ 5 7600 ಆದರೆ 2022ರಲ್ಲಿ ಬಂದ ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್. ಖರ್ಚು ಜಾಸ್ತಿ, ಆದರೆ ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸೋ ಅವಕಾಶ ಇರುತ್ತೆ. ರ‍್ಯಾಮ್ ಯಾವುದೇ ಇರಲಿ, 16 ಜಿಬಿಯ ಒಂದೇ ಸ್ಟಿಕ್ ಬದಲು 8 ಜಿಬಿಯ ಎರಡು ಹಾಕಿಸಿ. ಡ್ಯುಯಲ್ ಚಾನೆಲ್‌ನಲ್ಲಿ ಗೇಮ್ ಚೆನ್ನಾಗಿ ಓಡುತ್ತೆ.

ಈಗ ಯಾರೂ ಗಮನಿಸದ ಪಾರ್ಟ್: ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ. ಕ್ಯಾಬಿನೆಟ್ ಜೊತೆ "ಫ್ರೀ" ಬರೋ ಹೆಸರಿಲ್ಲದ ಡಬ್ಬಾ ಬೇಡವೇ ಬೇಡ. ಪಿಸಿಯ ಪ್ರತಿ ಪಾರ್ಟ್‌ಗೂ ಕರೆಂಟ್ ಹೋಗೋದು ಇದರಿಂದಲೇ, ಇದು ಕೆಟ್ಟರೆ ಪಕ್ಕದ ಪಾರ್ಟ್‌ಗಳನ್ನೂ ಸುಟ್ಟು ಹಾಕಬಹುದು. ಲೆಕ್ಕ ಸುಲಭ: 4060ಗೆ 115 ವ್ಯಾಟ್, 5600ಗೆ 65ರಿಂದ 75 ವ್ಯಾಟ್, ಉಳಿದದ್ದಕ್ಕೆ 50–60. ಒಟ್ಟು 250ರ ಆಸುಪಾಸು. ಒಳ್ಳೆ ಕಂಪನಿಯ 550 ವ್ಯಾಟ್ ಇದ್ದರೆ ಆರಾಮ. 80 ಪ್ಲಸ್ ಸ್ಟಿಕ್ಕರ್ ಕರೆಂಟ್ ಎಷ್ಟು ವೇಸ್ಟ್ ಆಗುತ್ತೆ ಅನ್ನೋದನ್ನು ಹೇಳುತ್ತೆ, ಸುರಕ್ಷತೆ ಬಗ್ಗೆ ಅಲ್ಲ. ಹಾಗಾಗಿ ರಿವ್ಯೂ ನೋಡಿ, ವಾರಂಟಿ ಎಷ್ಟು ವರ್ಷ ಅಂತ ಕೇಳಿ.

ಹಾಗಾದ್ರೆ ಉಳಿಸೋದು ಎಲ್ಲಿ? ಆರ್‌ಜಿಬಿ ಲೈಟ್, ಗಾಜಿನ ಕ್ಯಾಬಿನೆಟ್, ವಾಟರ್ ಕೂಲರ್. 5600, 7600 ಎರಡರ ಬಾಕ್ಸ್‌ನಲ್ಲೂ ಕೂಲರ್ ಬರುತ್ತೆ, ಶುರುವಿಗೆ ಅದೇ ಸಾಕು.

ಕೊನೇ ಮಾತು ಬಿಲ್ ಬಗ್ಗೆ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತೆ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆರು ತಿಂಗಳಿಗೆ ಕಾರ್ಡ್ ಕೆಟ್ಟರೆ ನಿಮ್ಮ ಕೈಯಲ್ಲಿರೋ ಸಾಕ್ಷಿ ಆ ಬಿಲ್ ಒಂದೇ. ಪ್ರತಿ ಪಾರ್ಟ್‌ನ ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬಿಲ್‌ನಲ್ಲಿ ಬರೆಸಿಕೊಂಡ ಮೇಲೇ ಕ್ಯೂಆರ್ ಸ್ಕ್ಯಾನ್ ಮಾಡಿ.

ಮುಂದಿನ ವಾರ ಸಿಗೋಣ.