ವೈಶಾಖದ ತೆರಿಗೆ, ಕಾರ್ತಿಕದ ದಂಡ: ಪುಲಿಗೆರೆಯ ಆಚಾರವ್ಯವಸ್ಥೆ ಶಾಸನ

ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹೋದವರು ಸಾಮಾನ್ಯವಾಗಿ ಸೋಮೇಶ್ವರ ಗುಡಿ ನೋಡುತ್ತಾರೆ. ಕೋಟೆಯಂಥ ಪೌಳಿ, ನಂದಿಯ ಮೇಲೆ ಕೂತ ಶಿವಪಾರ್ವತಿಯರ ವಿಗ್ರಹ, ಸೌರಾಷ್ಟ್ರದಿಂದ ಸೋಮನಾಥನನ್ನು ತಂದ ಆದಯ್ಯನ ಕಥೆ ಎಲ್ಲರಿಗೂ ಗೊತ್ತು. ಇನ್ನೂ ಸ್ವಲ್ಪ ಆಸಕ್ತಿ ಇದ್ದವರು ಶಂಖ ಬಸದಿ, ಅನಂತನಾಥ ಬಸದಿ, ಆದಿಲಶಾಹಿ ಕಾಲದ ಮಸೀದಿ ನೋಡಿ ಬರುತ್ತಾರೆ. ಆದರೆ ನನ್ನನ್ನು ಈ ಊರಿಗೆ ಎಳೆದದ್ದು ಗುಡಿಯೂ ಅಲ್ಲ, ಬಸದಿಯೂ ಅಲ್ಲ. ಸುಮಾರು 1300 ವರ್ಷ ಹಿಂದೆ ಈ ಊರಿನ ಆಡಳಿತ ಹೇಗೆ ನಡೆಯಬೇಕು, ಯಾರು ಯಾರಿಗೆ ಯಾವ ತಿಂಗಳು ದುಡ್ಡು ಕಟ್ಟಬೇಕು ಅಂತ ಹೇಳುವ ಒಂದು ಹಳಗನ್ನಡ ಶಾಸನ. ಇದನ್ನು ವಿದ್ವಾಂಸರು ‘ಆಚಾರವ್ಯವಸ್ಥೆ’ ಶಾಸನ ಎಂದು ಕರೆಯುತ್ತಾರೆ. ಬಾರ್ನೆಟ್ ಅವರು ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 14ನೇ ಸಂಪುಟದಲ್ಲಿ ಸಂಪಾದಿಸಿದ್ದಾರೆ.

ಈ ಶಾಸನದ ಬಗ್ಗೆ ಎರಡು ರೀತಿಯ ಮಾತು ಕೇಳಿಬರುತ್ತವೆ. ಒಂದು, ‘ಇದು ಜಗತ್ತಿನ ಮೊದಲ ಸಂವಿಧಾನ’ ಅನ್ನುವ ಅಭಿಮಾನದ ಮಾತು. ಇನ್ನೊಂದು, ‘ಅದರಲ್ಲೇನಿದೆ, ಬರೀ ತೆರಿಗೆ ಪಟ್ಟಿ’ ಅನ್ನುವ ಉದಾಸೀನದ ಮಾತು. ಎರಡೂ ಶಾಸನಕ್ಕೆ ನ್ಯಾಯ ಮಾಡುವುದಿಲ್ಲ. ವೃತ್ತಿಯಿಂದ ನಾನು ಎಂಜಿನಿಯರ್. ಯಾವುದೇ ವ್ಯವಸ್ಥೆ ಕಂಡರೆ ಅದರೊಳಗೆ ಏನು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ಗೆರೆ ಎಳೆದು ನೋಡುವುದು ನನ್ನ ಅಭ್ಯಾಸ. ಇಲ್ಲೂ ಅದನ್ನೇ ಮಾಡೋಣ. ಅದಕ್ಕೆ ಮೊದಲು ಊರಿನ ನೆಲ ತಿಳಿಯಬೇಕು.

ನೆಲ ಮತ್ತು ಹೆಸರು

ಲಕ್ಷ್ಮೇಶ್ವರ ಗದಗಿನಿಂದ ಸುಮಾರು 40 ಕಿ.ಮೀ. ದೂರ. ಸುತ್ತ ಎರೆಭೂಮಿ, ಬಿಳಿಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯುವ ಸೀಮೆ. ಪೂರ್ವದ ಕಡೆಗೆ ಕಪ್ಪತಗುಡ್ಡ, ದಕ್ಷಿಣಕ್ಕೆ ಹೋದರೆ ತುಂಗಭದ್ರೆ. ಆದರೆ ಊರೇ ನದಿ ದಂಡೆಯ ಮೇಲಿಲ್ಲ. ನದಿ ಇಲ್ಲದ ಕಡೆ ದೊಡ್ಡ ಊರು ನಿಲ್ಲಬೇಕಾದರೆ ಕೆರೆ ಬೇಕು. ಹೆಸರೇ ಅದನ್ನು ಹೇಳುತ್ತದೆ. ಪುಲಿ ಅಂದರೆ ಹುಲಿ, ಅದಕ್ಕೆ ಕೆರೆ ಸೇರಿ ಪುಲಿಗೆರೆ. ಹಳಗನ್ನಡದ ಪ-ಕಾರ ಮುಂದೆ ಹ-ಕಾರವಾದಾಗ ಪಾಲು ಹಾಲಾದಂತೆ ಪುಲಿಗೆರೆ ಹುಲಿಗೆರೆಯಾಯಿತು. ಶಾಸನಗಳಲ್ಲಿ ಪೊರಿಗೆರೆ, ಪುರಿಗೆರೆ ಎಂಬ ರೂಪಗಳೂ ಇವೆ. ಈಗಿನ ಲಕ್ಷ್ಮೇಶ್ವರ ಎಂಬ ಹೆಸರು ಲಕ್ಷ್ಮರಸ ಎಂಬ ಅಧಿಪತಿಯಿಂದ ಬಂತು ಅಂತ ಊರಲ್ಲಿ ಹೇಳುವುದುಂಟು.

ಪುಲಿಗೆರೆ ಒಂದು ಊರಷ್ಟೇ ಅಲ್ಲ, ‘ಪುಲಿಗೆರೆ-300’ ಎಂಬ ನಾಡಿನ ಕೇಂದ್ರ. ಪಕ್ಕದಲ್ಲೇ ‘ಬೆಳ್ವೊಲ-300’. ಬೆಳ್ವೊಲ ಅಂದರೆ ಬೆಳೆ ನಿಂತ ಹೊಲ, ಎರೆನೆಲಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಗುವುದಿಲ್ಲ. ಎರಡೂ ಮುನ್ನೂರುಗಳನ್ನು ಕೂಡಿಸಿ ‘ಎರಡರುನೂರು’ ಎಂದು ಶಾಸನಗಳು ಕರೆಯುತ್ತವೆ. ಈ ನಾಡುಗಳಿಗೆ ಎಷ್ಟು ಬೆಲೆ ಇತ್ತು ಅಂದ್ರೆ, 10ನೇ ಶತಮಾನದಲ್ಲಿ ರಾಷ್ಟ್ರಕೂಟ ರಾಜಕುಮಾರಿ ರೇವಕನಿಮ್ಮಡಿಯನ್ನು ಗಂಗರ ಇಮ್ಮಡಿ ಬೂತುಗನಿಗೆ ಮದುವೆ ಮಾಡಿಕೊಟ್ಟಾಗ ಬಳುವಳಿಯಾಗಿ ಕೊಟ್ಟ ನಾಡುಗಳಲ್ಲಿ ಪುಲಿಗೆರೆಯೂ ಬೆಳ್ವೊಲವೂ ಇದ್ದವು. ಪುಲಿಗೆರೆಯ ಕನ್ನಡವನ್ನು ತಿರುಳ್ಗನ್ನಡವೆಂದು ಕವಿರಾಜಮಾರ್ಗಕಾರನೂ ಪಂಪನೂ ಗುರುತಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಫಲವತ್ತಾದ ನೆಲ, ವ್ಯಾಪಾರ, ವಿದ್ಯೆ ಮೂರೂ ಕೂಡಿದ ಊರು. ಇಂಥ ಊರಿಗೆ ಕಟ್ಟುಪಾಡು ಬೇಕಾಗುವುದು ಸಹಜ.

ಶಾಸನದ ಮೂರು ಪಕ್ಷಗಳು

ಶಾಸನ ಬಾದಾಮಿ ಚಾಲುಕ್ಯರ ವಿಜಯಾದಿತ್ಯನ (696–733) ಕಾಲದ್ದು. ಕೊಟ್ಟವನು ರಾಜನಲ್ಲ, ಯುವರಾಜ ವಿಕ್ರಮಾದಿತ್ಯ. ಮುಂದೆ ಇಮ್ಮಡಿ ವಿಕ್ರಮಾದಿತ್ಯನೆಂದು ಪಟ್ಟಕ್ಕೆ ಬಂದವನು, ಕಂಚಿ ಗೆದ್ದವನು, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದ ಲೋಕಮಹಾದೇವಿಯ ಗಂಡ. ಶಾಸನದ ಕಾಲವನ್ನು ಸುಮಾರು 725 ಎಂದು ಹಿಡಿಯುತ್ತಾರೆ.

ಇದು ದಾನಶಾಸನವಲ್ಲ, ವೀರಗಲ್ಲೂ ಅಲ್ಲ. ಕನ್ನಡ ಶಾಸನಗಳಲ್ಲಿ ದೊಡ್ಡ ಪಾಲು ಈ ಎರಡು ಬಗೆಗೆ ಸೇರುವುದರಿಂದ ಇದರ ವಿಶೇಷ ಎದ್ದು ಕಾಣುತ್ತದೆ. ಇಲ್ಲಿ ಭೂಮಿ ಕೊಟ್ಟ ಮಾತಿಲ್ಲ. ಒಪ್ಪಂದದ ಮಾತಿದೆ. ಒಂದು ಕಡೆ ಯುವರಾಜ ಮತ್ತು ಅವನ ಅಧಿಕಾರಿಗಳು. ಇನ್ನೊಂದು ಕಡೆ ಪೊರಿಗೆರೆಯ ಮಹಾಜನರು, ನಗರ, ಹದಿನೆಂಟು ಪ್ರಕೃತಿಗಳು.

ಈ ಮೂರು ಪದಗಳನ್ನು ಬಿಡಿಸಿ ನೋಡೋಣ. ಮಹಾಜನ ಅಂದರೆ ವಿದ್ವಾಂಸ ಬ್ರಾಹ್ಮಣರ ಸಭೆ. ನಗರ ಅನ್ನುವುದನ್ನು ನಾವೀಗ ಊರು, ಪಟ್ಟಣ ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಆದರೆ ಶಾಸನಗಳಲ್ಲಿ ಬಹಳ ಸಲ ಅದು ವರ್ತಕರ ಸಂಘ, ಅಂದರೆ ಜನರ ಗುಂಪು, ಜಾಗವಲ್ಲ. ‘ನಗರದ ಮುಂದಿಟ್ಟು’ ಅಂತ ಎಲ್ಲಾದರೂ ಓದಿದರೆ ಊರ ಮುಂದೆ ಅಂತಲ್ಲ, ವರ್ತಕರ ಸಮ್ಮುಖದಲ್ಲಿ ಅಂತ ತಿಳಿಯಬೇಕು. ಇನ್ನು ಹದಿನೆಂಟು ಪ್ರಕೃತಿಗಳು ಅಂದರೆ ಉಳಿದ ಕಸುಬಿನವರು, ಪ್ರಜಾವರ್ಗ. ಈ ಹದಿನೆಂಟನ್ನು ತಲೆ ಎಣಿಸಿ ಹೇಳಿದ ಸಂಖ್ಯೆ ಅಂತ ತಿಳಿಯಬೇಕಿಲ್ಲ. ಇಂದಿಗೂ ನಮ್ಮ ಹಳ್ಳಿಗಳಲ್ಲಿ ‘ಹದಿನೆಂಟು ಜಾತಿಯವರೂ ಬಂದಿದ್ರು’ ಅಂದರೆ ಎಲ್ಲರೂ ಬಂದಿದ್ರು ಅಂತಲೇ ಅರ್ಥ.

ನಮ್ಮ ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ ಕೊಡಬಹುದಾದ ವಿಷಯಗಳೂ ಹದಿನೆಂಟೇ. ಇದು ಬರೀ ಕಾಕತಾಳೀಯ. ಇಂಥ ಹೊಂದಾಣಿಕೆ ಕಂಡ ಕೂಡಲೇ ‘ನೋಡಿ, ಆಗಲೇ ಇತ್ತು’ ಅಂತ ಬರೆಯುವ ಆಸೆ ಹುಟ್ಟುತ್ತದೆ. ಶಾಸನ ಓದುವವರು ಮೊದಲು ಹಿಡಿತದಲ್ಲಿಡಬೇಕಾದ ಆಸೆ ಅದು.

ದುಡ್ಡು ಎಲ್ಲಿಂದ ಎಲ್ಲಿಗೆ

ಈಗ ಮುಖ್ಯ ವಿಷಯ. ಶಾಸನದ ವಿಧಿಗಳನ್ನು ಮೂರು ಗೆರೆಗಳಾಗಿ ಬರೆಯಬಹುದು.

ಮೊದಲನೆಯದು ಮೇಲಿನಿಂದ ಕೆಳಗೆ ಬರುವ ಗೆರೆ. ರಾಜನ ಅಧಿಕಾರಿಗಳು ಯಾವುದನ್ನೆಲ್ಲ ಕಾಪಾಡಬೇಕು ಅಂತ ಶಾಸನ ಪಟ್ಟಿ ಕೊಡುತ್ತದೆ: ಒಡೆಯರಿಲ್ಲದ ಮನೆಗಳು, ರಾಜ ಕೊಟ್ಟ ದತ್ತಿ, ರಾಜಾಜ್ಞೆ, ತಾಮ್ರಶಾಸನ, ಸಜ್ಜನರ ಪ್ರಮಾಣದ ಮಾತು, ಊರಿನ ಮರ್ಯಾದೆ, ಅನುಭವಿಸುತ್ತ ಬಂದ ಆಸ್ತಿಯ ಅನುಭೋಗ. ಇಲ್ಲಿ ‘ಮರ್ಯಾದೆ’ ಅಂದರೆ ಗೌರವವಲ್ಲ, ಎಲ್ಲೆ, ಕಟ್ಟಳೆ, ಮೊದಲಿಂದ ನಡೆದುಬಂದ ಪದ್ಧತಿ. ಅಂದರೆ ಅಧಿಕಾರಿ ಬಂದು ‘ನಿಮ್ಮ ಹಳೇ ಪದ್ಧತಿ ನನಗೆ ಸಂಬಂಧವಿಲ್ಲ’ ಅನ್ನುವಂತಿಲ್ಲ. ಕೈಯಲ್ಲಿ ತಾಮ್ರಪಟ ಇದ್ದವನಿಗೂ ರಕ್ಷಣೆ, ಪಟ ಇಲ್ಲದೆ ತಲೆಮಾರಿನಿಂದ ಅನುಭವಿಸಿಕೊಂಡು ಬಂದವನಿಗೂ ರಕ್ಷಣೆ. ಖಾತೆ, ಉತಾರಕ್ಕಾಗಿ ಕಚೇರಿ ಅಲೆದವರಿಗೆ ಈ ಎರಡನೆಯ ಮಾತಿನ ತೂಕ ಬೇಗ ಅರ್ಥವಾಗುತ್ತೆ.

ಎರಡನೆಯದು ಕೆಳಗಿನಿಂದ ಮೇಲಕ್ಕೆ ಹೋಗುವ ಗೆರೆ. ಜನ ವಾಸವಿರುವ ಪ್ರತಿ ಮನೆಯೂ ದೇಶಾಧಿಪತಿಗಳಿಗೆ, ಅಂದರೆ ನಾಡನ್ನು ಆಳುವ ಅಧಿಕಾರಿಗಳಿಗೆ, ವೈಶಾಖ ಮಾಸದಲ್ಲಿ ತೆರಿಗೆ ಕೊಡಬೇಕು. ಎಲ್ಲರಿಗೂ ಒಂದೇ ದರವಲ್ಲ. ಮನೆಗಳನ್ನು ಶಕ್ತಿಗೆ ತಕ್ಕಂತೆ ದರ್ಜೆ ಮಾಡಿ, ಮೇಲಿನ ದರ್ಜೆಯಿಂದ ಕೆಳಗಿನ ದರ್ಜೆಗೆ ಪಣಗಳ ಲೆಕ್ಕದಲ್ಲಿ ದರ ಇಳಿಯುತ್ತ ಹೋಗುತ್ತದೆ. ಈಗ ನಾವು ಸ್ಲ್ಯಾಬ್ ಅನ್ನುತ್ತೇವಲ್ಲ, ಅದೇ.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಅದು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ, ಊರೊಳಗೇ ಸುತ್ತುತ್ತದೆ. ಕಳ್ಳತನದ ದಂಡ, ಸಣ್ಣಪುಟ್ಟ ತಪ್ಪುಗಳ ದಂಡ, ದಶಾಪರಾಧ ಎಂದು ಕರೆಯುವ ಹತ್ತು ಅಪರಾಧಗಳ ದಂಡ, ಮಕ್ಕಳಿಲ್ಲದೆ ತೀರಿಕೊಂಡವರ ಸ್ವತ್ತು, ಇವೆಲ್ಲ ಕಾರ್ತಿಕ ಮಾಸದಲ್ಲಿ ಶ್ರೇಣಿಗೆ ಸಲ್ಲಬೇಕು. ಶ್ರೇಣಿ ಅಂದರೆ ಕಸುಬುದಾರರ ಸಂಘ.

ಇವತ್ತಿನ ಜೊತೆ ಹೋಲಿಸಿ ನೋಡಿ. ಈಗ ಕೋರ್ಟು ಹಾಕಿದ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ. ವಾರಸುದಾರರೇ ಇಲ್ಲದೆ ಸತ್ತ ಹಿಂದೂ ವ್ಯಕ್ತಿಯ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 29ನೇ ಕಲಮಿನ ಪ್ರಕಾರ ಸರ್ಕಾರಕ್ಕೆ ಸೇರುತ್ತದೆ. ಪುರಸಭೆಗೂ ಇಲ್ಲ, ಗ್ರಾಮ ಪಂಚಾಯಿತಿಗೂ ಇಲ್ಲ. ಪೊರಿಗೆರೆಯಲ್ಲಿ ಇವೆರಡೂ ಊರಿನ ಒಂದು ಸಂಸ್ಥೆಗೇ ಉಳಿಯುತ್ತಿದ್ದವು. ಯುವರಾಜ ತನ್ನದೇ ವರಮಾನದ ಒಂದು ಪಾಲನ್ನು ಕಲ್ಲಿನ ಮೇಲೆ ಬರೆಸಿ ಬಿಟ್ಟುಕೊಟ್ಟಿದ್ದಾನೆ, ಅಥವಾ ಮೊದಲಿಂದಲೂ ಊರಿನದೇ ಆಗಿದ್ದನ್ನು ಒಪ್ಪಿಕೊಂಡಿದ್ದಾನೆ. ಎರಡರಲ್ಲಿ ಯಾವುದಾದರೂ ಸಣ್ಣ ಮಾತಲ್ಲ. ಸ್ವಂತ ವರಮಾನ ಇಲ್ಲದ ಸಂಸ್ಥೆಗೆ ಅಧಿಕಾರ ಇದ್ದೂ ಇಲ್ಲದಂತೆ.

ವೈಶಾಖವೇ ಯಾಕೆ?

ತಿಂಗಳುಗಳ ಆಯ್ಕೆಯನ್ನು ಎರೆಭೂಮಿಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಬೇಕು. ಈ ಸೀಮೆಯಲ್ಲಿ ಹಿಂಗಾರಿ ಜೋಳದ ಸುಗ್ಗಿ ಬೇಸಿಗೆ ಶುರುವಾಗುವ ಹೊತ್ತಿಗೆ ಮುಗಿಯುತ್ತದೆ. ವೈಶಾಖ, ಅಂದರೆ ಏಪ್ರಿಲ್–ಮೇ, ಬರುವಾಗ ಕಾಳು ಹಗೇವು ಸೇರಿರುತ್ತದೆ, ಮಾರಿದವರ ಕೈಯಲ್ಲಿ ದುಡ್ಡು ಓಡಾಡುತ್ತದೆ, ಮುಂಗಾರಿನ ಬೀಜಕ್ಕೆ ಇನ್ನೂ ಖರ್ಚು ಶುರುವಾಗಿಲ್ಲ. ತೆರಿಗೆ ಕೇಳಲು ಇದಕ್ಕಿಂತ ಒಳ್ಳೆ ಸಮಯವಿಲ್ಲ. ಕಾರ್ತಿಕದ ಹೊತ್ತಿಗೆ ಮುಂಗಾರಿ ಫಸಲು ಮನೆಗೆ ಬಂದು ಹಿಂಗಾರಿ ಬಿತ್ತನೆಯೂ ಮುಗಿಯುವ ಕಾಲ. ವರ್ಷಕ್ಕೆ ಎರಡು ಲೆಕ್ಕ, ಎರಡು ಬೇರೆ ಬೇರೆ ಖಾತೆ. ಒಂದನ್ನು ಇನ್ನೊಂದರ ಜೊತೆ ಬೆರೆಸಲು ಆಗದಂತೆ ಅರ್ಧ ವರ್ಷದ ಅಂತರ. ತಿಂಗಳಿಗೆ ಕಾರಣ ಇದೇ ಅಂತ ಶಾಸನ ಹೇಳುವುದಿಲ್ಲ, ಇದು ನನ್ನ ಊಹೆ. ಆದರೆ ನೆಲ ಬಲ್ಲವರಿಗೆ ಇದು ದೂರದ ಊಹೆ ಅನ್ನಿಸಲಾರದು.

ಅಂದಹಾಗೆ, ಕರ್ನಾಟಕದ ಪೌರಸಂಸ್ಥೆಗಳಲ್ಲಿ ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಉಂಟು. ಇದಕ್ಕೆ ಕಾರಣ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದು, ಸುಗ್ಗಿಯಲ್ಲ. ಆದರೂ ಲಕ್ಷ್ಮೇಶ್ವರದ ಮನೆ ಯಜಮಾನ ತೆರಿಗೆ ಕಟ್ಟಲು ಹೋಗುವ ಕಾಲ ಮಾತ್ರ ಹೆಚ್ಚುಕಡಿಮೆ ಅದೇ.

ಸಂವಿಧಾನ ಅನ್ನಬಹುದೇ?

ಅನ್ನದಿರುವುದೇ ಒಳ್ಳೆಯದು. ಜನರೇ ಕೂತು ತಮಗೆ ತಾವು ಬರೆದುಕೊಂಡ ಕಟ್ಟಳೆ ಇದಲ್ಲ. ಯುವರಾಜ ಕೊಟ್ಟದ್ದು. ಸಭೆಗೆ ಯಾರನ್ನು ಹೇಗೆ ಆರಿಸಬೇಕು ಅನ್ನುವ ಮಾತು ಇದರ ವಿಷಯವೇ ಅಲ್ಲ. ಅದಕ್ಕೆ ತಮಿಳುನಾಡಿನ ಉತ್ತರಮೇರೂರಿನ 919 ಮತ್ತು 921ರ ಚೋಳ ಶಾಸನಗಳನ್ನು ನೋಡಬೇಕು. ಅಲ್ಲಿ ಸದಸ್ಯನ ಅರ್ಹತೆ, ಅನರ್ಹತೆ, ಓಲೆ ಬರೆದು ಮಡಕೆಗೆ ಹಾಕಿ ಚೀಟಿ ಎತ್ತುವ ಕ್ರಮ ಎಲ್ಲ ವಿವರವಾಗಿದೆ. ಪೊರಿಗೆರೆಯ ಶಾಸನ ಅದಕ್ಕಿಂತ ಸುಮಾರು 200 ವರ್ಷ ಹಳೆಯದು, ಮತ್ತು ಅದು ಉತ್ತರ ಕೊಡುವ ಪ್ರಶ್ನೆಯೇ ಬೇರೆ. ಉತ್ತರಮೇರೂರು ‘ಯಾರು ಕೂರಬೇಕು’ ಎಂದು ಹೇಳಿದರೆ, ಪೊರಿಗೆರೆ ‘ಯಾರಿಗೆ ಏನು ಸಲ್ಲಬೇಕು’ ಎಂದು ಹೇಳುತ್ತದೆ. ಯಾವುದು ದೊಡ್ಡದು ಅಂತ ಪೈಪೋಟಿಗೆ ಇಳಿದರೆ ಎರಡನ್ನೂ ಓದಿದಂತಾಗುವುದಿಲ್ಲ.

ಇನ್ನೊಂದು ಮಾತು. ಹದಿನೆಂಟು ಪ್ರಕೃತಿ ಅಂದರೆ ಎಲ್ಲರೂ ಅಂತ ಹೇಳಿದೆನಲ್ಲ, ಆ ‘ಎಲ್ಲರೂ’ ಮನೆ ಇದ್ದವರ, ಸಂಘ ಇದ್ದವರ ಎಲ್ಲರೂ. ಸಂಘವಿಲ್ಲದ ಕೂಲಿಯವನಿಗೆ ಇಲ್ಲಿ ದನಿಯಿಲ್ಲ. ಊರಿನ ಹೆಮ್ಮೆಯ ಜೊತೆ ಇದನ್ನೂ ಹೇಳಬೇಕು.

ಹಾಗಾದರೆ ಇದರ ನಿಜವಾದ ಬೆಲೆ ಏನು? ಊರಿಗೆ ಒಂದು ಕಟ್ಟುಪಾಡು ಇರುತ್ತದೆ, ಅದು ಆಳುವವನನ್ನೂ ಕಟ್ಟುತ್ತದೆ ಅನ್ನುವ ಕಲ್ಪನೆ 8ನೇ ಶತಮಾನದ ಕನ್ನಡದಲ್ಲಿ ಬರಹಕ್ಕಿಳಿದಿದೆ ಎನ್ನುವುದು. ಇದು ಒಂದೇ ಒಂದು ಬಿಡಿ ಉದಾಹರಣೆಯೂ ಅಲ್ಲ. ಇದೇ ಗದಗ ಜಿಲ್ಲೆಯ ಸೂಡಿಯಲ್ಲಿ, 11ನೇ ಶತಮಾನದ ನಡುವೆ, ಅಕ್ಕಾದೇವಿಯ ಆಡಳಿತದಲ್ಲಿ, ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲಿನ ಕಟ್ಟುಪಾಡನ್ನು ಹೊಸದಾಗಿ ಊರ್ಜಿತಗೊಳಿಸಿದ ಶಾಸನವಿದೆ. ನಡುವೆ ರಾಜವಂಶಗಳು ಬದಲಾಗಿ 300 ವರ್ಷ ಕಳೆದರೂ ಊರುಗಳು ಲಿಖಿತ ಕಟ್ಟಳೆಯನ್ನು ಕೇಳಿ ಪಡೆಯುತ್ತಲೇ ಇದ್ದವು.

ಈಗಿನ ಲಕ್ಷ್ಮೇಶ್ವರ

ಆಮೇಲೆ ಈ ಊರು ಎಷ್ಟೋ ಆಡಳಿತ ಕಂಡಿದೆ. ಬ್ರಿಟಿಷರ ಕಾಲದಲ್ಲಿ ಸುತ್ತ ಬಹುಪಾಲು ಧಾರವಾಡ ಜಿಲ್ಲೆ ಇದ್ದರೂ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿದ ತುಂಡು ನೆಲವಾಗಿತ್ತು. ಸಂಸ್ಥಾನಗಳು ವಿಲೀನವಾದ ಮೇಲೆ ಮುಂಬಯಿ ರಾಜ್ಯ, 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಹೊಸ ಗದಗ ಜಿಲ್ಲೆ. ಬಹುಕಾಲ ಶಿರಹಟ್ಟಿ ತಾಲ್ಲೂಕಿನಲ್ಲಿದ್ದು, 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಊರಿಗೆ ಪುರಸಭೆ ಇದೆ, 2011ರ ಜನಗಣತಿಯಲ್ಲಿ ಜನಸಂಖ್ಯೆ 36 ಸಾವಿರ ದಾಟಿತ್ತು. ಆದರೂ ಅದರ ಜೀವನಾಡಿ ಸುತ್ತಲಿನ ಹಳ್ಳಿಗಳ ಹೊಲದಲ್ಲೇ ಇದೆ.

ಒಂದು ಕಾಲಕ್ಕೆ 300ರ ನಾಡಿಗೆ ಕೇಂದ್ರವಾಗಿದ್ದ ಊರು ತಾಲ್ಲೂಕು ಕೇಂದ್ರವಾಗಲು 21ನೇ ಶತಮಾನದವರೆಗೆ ಕಾಯಬೇಕಾಯಿತು. ಕಂದಾಯ ನಕ್ಷೆಯ ಗೆರೆಗಳು ಎಲ್ಲೋ ದೂರದಲ್ಲಿ ಕೂತವರ ಕೈಯಲ್ಲಿ ಬದಲಾಗುತ್ತವೆ. ಕೆರೆ, ಎರೆ, ಸಂತೆ ಮಾತ್ರ ಅಲ್ಲೇ ಇರುತ್ತವೆ. ಅದಕ್ಕೇ ಇಂಥ ಶಾಸನ ನಮಗೆ ಬೇಕು. ಊರಿನ ದುಡ್ಡಿನಲ್ಲಿ ಎಷ್ಟು ಪಾಲು ಊರಿಗೆ ಉಳಿಯಬೇಕು ಅನ್ನುವ ಪ್ರಶ್ನೆಯನ್ನು 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಮತ್ತೆ ಎತ್ತಿತು, ರಾಜ್ಯ ಹಣಕಾಸು ಆಯೋಗಗಳು ಅದನ್ನೇ ಲೆಕ್ಕ ಹಾಕುತ್ತಿವೆ. ಪ್ರಶ್ನೆ ಹೊಸದಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ‘ಮಹಾಜನಂಗಳ್’, ‘ನಗರಂ’, ‘ಸೇಣಿ’, ‘ಒಕ್ಕಲ್’, ‘ಮರ್ಯಾದೆ’ ಅನ್ನುವ ಪದಗಳಿರುವ ಕಲ್ಲು ಕಂಡರೆ ಅದನ್ನು ಗುಡಿಗೆ ಬಿಟ್ಟ ದತ್ತಿ ಅಂತ ಪಕ್ಕಕ್ಕಿಡಬೇಡಿ. ಯಾರು ಕೊಡುತ್ತಾರೆ, ಯಾರು ಪಡೆಯುತ್ತಾರೆ, ಯಾವ ತಿಂಗಳು, ತಪ್ಪಿದರೆ ಯಾರಿಗೆ ದಂಡ, ಈ ನಾಲ್ಕು ಮಾತು ಹುಡುಕಿ. ಫೋಟೋ ತೆಗೆಯುವಾಗ ಬೆಳಗ್ಗೆ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ತೆಗೆಯಿರಿ, ಅಕ್ಷರ ಕಾಣಲಿ ಅಂತ ಸುಣ್ಣ, ಅರಿಶಿನ, ಬಣ್ಣ ಬಳಿಯಬೇಡಿ. ಬಣ್ಣ ತುಂಬಿದ ಅಕ್ಷರ ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಬಂದವರಿಗೆ ಮೂಲ ಗೀರು ಯಾವುದು, ಬಳಿದದ್ದು ಯಾವುದು ಗೊತ್ತಾಗುವುದಿಲ್ಲ. ಊರಿನ ಹಕ್ಕುಪತ್ರ ತಿದ್ದಿದಂತೆಯೇ ಅದು.