ಮಣ್ಣಿನೊಳಗಿನ ಬಟ್ಟೆ

ಹುಣಸೂರು ತಾಲ್ಲೂಕಿನ ಗುರುಪುರದ ಸುತ್ತಲಿನದು ಕೆಂಪು ಮಣ್ಣಿನ ಸೀಮೆ. ರಾಗಿ, ಹೊಗೆಸೊಪ್ಪು ಬೆಳೆಯುವ ಊರಿನ ರೈತರಿಗೂ, 1972ರಿಂದ ಇಲ್ಲಿ ನೆಲೆಸಿ ಮುಸುಕಿನ ಜೋಳ ಬೆಳೆಯುತ್ತಿರುವ ಟಿಬೆಟ್ಟಿನ ನಿರಾಶ್ರಿತರಿಗೂ ಬಹುಮಟ್ಟಿಗೆ ಮಳೆಯೇ ಆಧಾರ. ಆದರೆ ಇಂಥ ಸೀಮೆಯಲ್ಲಿ ಮಳೆಯ ನೀರು ಎರಡು ಬಗೆಯ ಕಷ್ಟವನ್ನು ತರುತ್ತದೆ. ಹೊಂಡದಲ್ಲಿ ನಿಲ್ಲಬೇಕಾದ ನೀರು ಇಂಗಿಹೋಗುತ್ತದೆ. ಹಾದಿಯಿಂದ ಹರಿದುಹೋಗಬೇಕಾದ ನೀರು ನಿಂತು ಕೆಸರಾಗುತ್ತದೆ. ಈ ಎರಡಕ್ಕೂ ಒಂದೇ ವಸ್ತುವಿನ ಬಟ್ಟೆ ಪರಿಹಾರವಾಗಬಲ್ಲುದು. ಅದೇ ಪಾಲಿಥಿನ್ ಎಳೆಗಳಿಂದ ನೇಯ್ದ ಭೂವಸ್ತ್ರ.

ಮಣ್ಣಿಗೆ ಹಾಸು ಹಾಸುವ ಉಪಾಯ ಹೊಸದಲ್ಲ. ಪ್ರಾಚೀನ ಮೆಸೊಪೊಟೇಮಿಯದ ಜನರು ಇಟ್ಟಿಗೆಯ ಎತ್ತರವಾದ ದೇಗುಲಗಳ ನಡುನಡುವೆ ಜೊಂಡಿನ ಚಾಪೆಗಳನ್ನು ಇರಿಸಿದ್ದರು. ಆದರೆ ಜೊಂಡು, ನಾರುಗಳು ಒದ್ದೆ ಮಣ್ಣಿನಲ್ಲಿ ಕ್ರಮೇಣ ಕೊಳೆಯುತ್ತವೆ. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಅಕಸ್ಮಾತ್ತಾಗಿ ದೊರೆತ ಪಾಲಿಥಿನ್ ಕೊಳೆಯುವ ವಸ್ತುವಲ್ಲ. ಅದರ ತೆಳುಹಾಳೆಯನ್ನು ಕಿರಿದಾದ ಪಟ್ಟಿಗಳಾಗಿ ಸೀಳಿ, ಕಾಯಿಸಿ ಎಳೆದರೆ ಗಟ್ಟಿಯಾದ ಎಳೆಗಳಾಗುತ್ತವೆ. ಸೀರೆಯನ್ನು ನೇಯುವಂತೆಯೇ ಇವನ್ನೂ ಹಾಸುಹೊಕ್ಕಾಗಿ ಮಗ್ಗದಲ್ಲಿ ನೇಯುತ್ತಾರೆ.

ಮೆತ್ತನೆಯ ನೆಲದ ಮೇಲೆ ಜಲ್ಲಿ ಸುರಿದು ರಸ್ತೆ ಮಾಡಿದರೆ, ವಾಹನಗಳ ಭಾರಕ್ಕೆ ಜಲ್ಲಿ ಕೆಳಗಿಳಿಯುತ್ತದೆ, ಕೆಸರು ಮೇಲೇಳುತ್ತದೆ. ನಡುವೆ ಭೂವಸ್ತ್ರವನ್ನು ಹಾಸಿದರೆ ಇವೆರಡೂ ಬೆರೆಯುವುದಿಲ್ಲ. ನೇಯ್ಗೆಯ ಸಣ್ಣ ಕಂಡಿಗಳು ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತವೆ. ಕಾಫಿಯನ್ನು ಸೋಸುವ ಬಟ್ಟೆ ಮಾಡುವ ಕೆಲಸವೂ ಇದೇ.

ಅದೇ ಬಟ್ಟೆಯ ಎರಡು ಮೈಗೂ ಪಾಲಿಥಿನ್ನಿನ ಲೇಪ ಕೊಟ್ಟರೆ ಕಂಡಿಗಳು ಮುಚ್ಚಿ, ನೀರು ದಾಟದ ಹೊದಿಕೆಯಾಗುತ್ತದೆ. ಆಗ ನೇಯ್ಗೆ ಬಲವನ್ನು ಕೊಡುತ್ತದೆ, ಲೇಪ ನೀರನ್ನು ತಡೆಯುತ್ತದೆ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಕೃಷಿಹೊಂಡಗಳಿಗೆ ಪಾಲಿಥಿನ್ ಹೊದಿಕೆ ಹಾಸುವುದಕ್ಕೂ ನೆರವು ದೊರೆಯಿತು. ಹೀಗೆ ನಿಲ್ಲಿಸಿದ ನೀರು, ಮಳೆ ಕೈಕೊಟ್ಟಾಗ ಒಣಗುವ ಪೈರಿಗೆ ಒಂದೆರಡು ಬಾರಿ ಹಾಯಿಸಲು ಒದಗುತ್ತದೆ. ಬೆಳೆ ಉಳಿಯುವುದೂ ಅಳಿಯುವುದೂ ಎಷ್ಟೋ ಸಲ ಅಷ್ಟರ ಮೇಲೆಯೇ ನಿಂತಿರುತ್ತದೆ.

ಈ ಬಟ್ಟೆಗೂ ಶತ್ರುವುಂಟು, ಅದು ಬಿಸಿಲು. ಬಿಸಿಲನ್ನು ತಾಳಲೆಂದು ಪಾಲಿಥಿನ್ನಿಗೆ ಇಂಗಾಲದ ಕಪ್ಪುಪುಡಿಯನ್ನು ಬೆರೆಸುವುದುಂಟು. ಆದರೂ ವರ್ಷಗಳು ಕಳೆದಂತೆ ತೆರೆದ ಹೊದಿಕೆ ಬಿರುಕು ಬಿಡುತ್ತದೆ. ಅದನ್ನು ಹೊಲದಲ್ಲಿಯೇ ಬಿಟ್ಟರೆ ಚೂರುಚೂರಾಗಿ ಮಣ್ಣನ್ನು ಸೇರುತ್ತದೆ. ಆದುದರಿಂದ ಹಳೆಯ ಹೊದಿಕೆಯನ್ನು ಸುಡದೆ, ಹೂಳದೆ, ಮರುಬಳಕೆಗೆ ಕಳುಹಿಸಬೇಕು. ಹುಲ್ಲು ಬೇರೂರುವವರೆಗೆ ಮಾತ್ರ ಮಣ್ಣನ್ನು ಹಿಡಿಯಬೇಕಾದ ಇಳಿಜಾರುಗಳಿಗೆ ತೆಂಗಿನ ನಾರಿನ ಬಲೆಯೇ ಲೇಸು. ಕೆಲಸ ಮುಗಿದ ಮೇಲೆ ಅದು ತಾನೇ ಮಣ್ಣಾಗುತ್ತದೆ.

ಕೊಳೆಯದಿರುವುದೇ ಪಾಲಿಥಿನ್ನಿನ ಗುಣ, ಅದೇ ಅದರ ದೋಷ. ಎಲ್ಲಿ ಯಾವುದು ಬೇಕೆಂದು ಅರಿತು ಬಳಸುವುದೇ ವಿವೇಕ.